ಒಲೆಯ ಉಸಿರು ನೋಡುತ್ತಿದ್ದ ಕಾಕು

ಯಾರ ಮನೆಗೆ ಹೋದರೂ ಕಾಕು ಮೊದಲು ಕೂಡುತ್ತಿರಲಿಲ್ಲ, ಬಗ್ಗುತ್ತಿದ್ದಳು. ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆಮನೆಗೆ ನಡೆದು, ಸೆರಗು ಸೊಂಟಕ್ಕೆ ಬಿಗಿದು, ಗಲ್ಲ ಕಟ್ಟೆಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, "ಹಚ್ಚ ಬೇ ಒಲಿ" ಎನ್ನುವಳು. ಮನೆಯಾಕೆ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಲೈಟರ್ ಒತ್ತಬೇಕು. ಉರಿ ನೀಲಿಯಾಗಿ, ಗುಂಡಗೆ, ಅಲುಗಾಡದೆ ನಿಂತರೆ ಕಾಕು ಸೊಂಟ ಹಿಡಿದುಕೊಂಡು ಎದ್ದು, "ಹೂಂ, ಈಗ ಚಾ ಇಡು" ಎಂದು ಹೊರಗೆ ಬಂದು ಕೂಡುವಳು. ಹಳದಿ ಕಂಡಿತೋ, ಮುಗಿಯಿತು. ಅವತ್ತು ಆ ಮನೆಯಲ್ಲಿ ಚಹಾ ಇಲ್ಲ. ಬರ್ನರ್ ಬಿಚ್ಚು, ಪಿನ್ನು ತಾ, ಹಳೇ ಹಲ್ಲಿನ ಬ್ರಷ್ ತಾ, ಬಿಸಿನೀರು ತಾ ಎಂದು ಮನೆಮಂದಿಯನ್ನೆಲ್ಲ ಓಡಾಡಿಸಿಬಿಡುವಳು.

ಆ ಕಾಕು ಹೋದ ತಿಂಗಳು ತೀರಿಕೊಂಡಳು. ಅಥಣಿಯಿಂದ ರಾಯಬಾಗಕ್ಕೆ ಬಸ್ಸಿನಲ್ಲಿ ಕೂತು ಬರುವಾಗ ದಾರಿಯುದ್ದಕ್ಕೂ ನನಗೆ ಅವಳ ಬಗ್ಗಿದ ಬೆನ್ನೇ ಕಣ್ಣಮುಂದೆ. ಅಳು ಬಂತು, ಅಳುವಿನ ನಡುವೆ ನಗೆಯೂ ಬಂತು. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ಒಂದು ಥರ ನೋಡಿದಳು. ನೋಡಲಿ ಬಿಡಿ. ಆ ಮುದುಕಿಯ ಒಲೆಯ ಹುಚ್ಚು ಒಂದು ಮಧ್ಯಾಹ್ನ ನನ್ನ ಹಸುಗೂಸಿನ ಸಾವು-ಬದುಕಿನ ನಡುವೆ ನಿಂತಿತ್ತು ಎಂಬುದು ಬಸ್ಸಿನವರಿಗೆ ಹೇಗೆ ಗೊತ್ತಾಗಬೇಕು!

ರಾಯಬಾಗದಲ್ಲಿ ನನ್ನ ತವರುಮನೆಗೆ ಅಂಟಿಕೊಂಡದ್ದೇ ಅವಳ ಮನೆ. ನಡುವೆ ಹಿತ್ತಲಿನ ಒಂದು ಗೋಡೆ. ಅವಳ ತವರು ನಿಪ್ಪಾಣಿಯ ಕಡೆ, ಮಾತಿನ ನಡುವೆ ಮರಾಠಿ ಸಲೀಸಾಗಿ ಬರುತ್ತಿತ್ತು, ಹಾಗಾಗಿ ನಮಗೆಲ್ಲ ಅವಳು 'ಕಾಕು', ಅಂದರೆ ಚಿಕ್ಕಮ್ಮ. ಅಲಖನೂರದಲ್ಲಿ ಕಬ್ಬಿನ ಹೊಲ, ಮನೆಯ ಮುಂದೆ ಸ್ವಂತ ಟ್ರ್ಯಾಕ್ಟರು, ಕೈತುಂಬ ಬಂಗಾರದ ಪಾಟಲಿ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದರೆ 'ಪಾಪ' ಅನ್ನಿಸಿಕೊಳ್ಳುವ ಹೆಂಗಸಲ್ಲ. ಆಳುಗಳ ಮೇಲೆ ಕೂಗಿದರೆ ಬಸ್‌ಸ್ಟ್ಯಾಂಡಿಗೆ ಕೇಳಬೇಕು, ಅಂಥ ಗಂಟಲು. ಚಿಂಚಲಿ ಮಾಯಕ್ಕನ ಒಕ್ಕಲು. ದಿನಾ ಮುಂಜಾನೆ ಹಣೆಗೆ ಭಂಡಾರ, ಅಂದರೆ ದೇವಿಯ ಅರಿಷಿಣಪುಡಿ, ಬಡಿದುಕೊಳ್ಳದೆ ಹೊಸ್ತಿಲು ದಾಟಿದವಳಲ್ಲ.

ಒಲೆಯ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅವಳ ತವರಿನಲ್ಲಿ ಬೆಲ್ಲದ ಗಾಣವಿತ್ತು. ಕೊಪ್ಪರಿಗೆಯ ಕೆಳಗೆ ಬೆಂಕಿ ಉರಿಯುವಾಗ ಕರೀ ಹೊಗೆ ಎದ್ದಿತೆಂದರೆ ಅಪ್ಪ "ಒಲಿಗಿ ಗಾಳಿ ಸಾಲವಲ್ದು, ಬಾಯಿ ಬಿಡಸ್ರೋ" ಎಂದು ಚೀರುತ್ತಿದ್ದನಂತೆ. ಮದುವೆಯಾಗಿ ಬಂದ ಮೇಲೆ ಮನೆಗೆ ಗ್ಯಾಸ್ ಬಂತು, ಕಾಕು ಅದನ್ನೂ ಅದೇ ಕಣ್ಣಿನಿಂದ ನೋಡಿದಳು. ಅರ್ಥವಾಗದ್ದನ್ನು ಗ್ಯಾಸಿನವನನ್ನು ಬಾಗಿಲಲ್ಲೇ ತಡೆದು, ಜಗಳಾಡಿ ಜಗಳಾಡಿ ಕೇಳಿಕೊಂಡಳು.

"ನೀಲಿ ಉರಿ ಅಂದ್ರ ಒಲಿ ಉಸರಾಡಾಕತ್ತೈತಿ ಅಂತ ತಿಳ್ಕೊ. ಹಳದಿ ಅಂದ್ರ ಅದರ ಉಸರ ಕಟ್ಟೈತಿ. ಒಲಿದು ಉಸರ ಕಟ್ಟಿದ್ರ ಹಿಂದಿಂದ ನಿಂದೂ ಕಟ್ಟತೈತಿ" ಎಂದು ನನಗೆ ಹೇಳುತ್ತಿದ್ದಳು. ಆಗ ನಾನಿನ್ನೂ ಕಾಲೇಜಿಗೆ ಹೋಗುವ ಹುಡುಗಿ. ಕೀಟಲೆ ಮಾಡದೆ ಬಿಡುವೆನೇ?

"ಕಾಕು, ನಿಮ್ಮ ಒಲ್ಯಾಗೂ ಈಗ ಹಳದಿ ಬಂತಲ್ರಿ! ನಾ ನೋಡಿದ್ನಿ."

"ಎಲ್ಲಿ? ಅದ ಹಿಟ್ಟ ಉದರಿದ್ದು. ಹಿಟ್ಟ ಬಿದ್ರ, ಉಪ್ಪಿನ ನೀರ ಉಕ್ಕಿದ್ರ ಕಿಡಿಗತೆ ಬಂದ ಹೋಗತೈತಿ. ಬಂದ ಹೋಗು ಬೀಗರಿಗೆ ಅಂಜಬಾರ್ದ ಬೇ. ತಳಾ ಊರಿದ ಬೀಗರಿಗೆ ಅಂಜಬೇಕು."

"ತಳಾ ಊರ್ಯಾರ ಅಂತ ಹೆಂಗ ಗೊತ್ತಾಗಬೇಕ್ರಿ?"

"ಪಾತ್ರಿ ಕುಂಡಿ ನೋಡ. ಗ್ಯಾಸಿನ ಮ್ಯಾಲಿನ ಪಾತ್ರಿ ಮಸಿ ಹಿಡೀಬಾರ್ದು. ಹಿಡೀತಂದ್ರ ಆ ಒಲಿ ಸುಳ್ಳ ಉರ್ಯಾಕತ್ತೈತಿ."

ಇದು ಅವಳ ಎರಡನೇ ಚಟ. ಯಾರದೇ ಮನೆಯ ಪಾತ್ರೆಯಿರಲಿ, ಎತ್ತಿ ತಿರುಗಿಸಿ ತಳ ನೋಡುವುದು. ಕಾಗವಾಡದ ಒಂದು ಮದುವೆಯಲ್ಲಿ ಅಡುಗೆಯವನ ದೊಡ್ಡ ಒಲೆಯ ಉರಿ ಬರ್ನರ್ ಬಿಟ್ಟು ಮೇಲೆ ಹಾರಾಡುತ್ತಿದೆ ಎಂದು ಅನ್ನ ಬೇಯುವ ಹೊತ್ತಿಗೇ ಗ್ಯಾಸ್ ಬಂದ್ ಮಾಡಿಬಿಟ್ಟಳು. ಅಡುಗೆಯವ ಸೌಟು ಎತ್ತಿದ, ಕಾಕು ಸೆರಗು ಬಿಗಿದಳು. "ಹಳದಿ ಆದ್ರ ಗಾಳಿ ಕಡಿಮಿ, ಹಿಂಗ ಹಾರಿದ್ರ ಗಾಳಿ ಹೆಚ್ಚು. ನಿನಗ ಯಾವದೂ ತಿಳೀದಂದ್ರ ಅನ್ನ ಹೆಂಗ ತಿಳೀತೋ ಬಾಬಾ?" ಎಂದಳಂತೆ. ಊಟ ತಡವಾಗಿ ಬೀಗರ ಹೊಟ್ಟೆ ಚುರುಗುಟ್ಟಿ, ಎರಡೂ ಕಡೆಯವರು ಮುಖ ಗಂಟು ಹಾಕಿಕೊಂಡು ಉಂಡರು. ಕಾಕು ಮಾತ್ರ ಹಪ್ಪಳ ಕೇಳಿ ಹಾಕಿಸಿಕೊಂಡಳು.

ಈ ಚಟವೇ ನನ್ನ ಅವ್ವನಿಗೂ ಅವಳಿಗೂ ಮಾತು ಬಿಡಿಸಿದ್ದು. ಅದಕ್ಕೆ ಮೊದಲು ಅವ್ವ ಅವಳನ್ನು 'ವೈನಿ' ಎನ್ನುತ್ತಿದ್ದಳು, ಸ್ವಂತ ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ. ಉಪ್ಪಿನಕಾಯಿ, ಹಪ್ಪಳ, ಊರಿನ ಸುದ್ದಿ ಎಲ್ಲ ಹಿತ್ತಲ ಗೋಡೆಯ ಮೇಲಿಂದಲೇ ಓಡಾಡುತ್ತಿದ್ದವು. ನನ್ನನ್ನು ನೋಡಲು ಅಥಣಿಯಿಂದ ಗಂಡಿನವರು ಬಂದ ದಿನ ಅವ್ವ ಎರಡು ದಿನದಿಂದ ತೊಳೆದೂ ಬಳಿದೂ ಸಾಕಾಗಿದ್ದಳು. ಗಂಡಿನ ತಾಯಿಗೆ ಅವ್ವ ಚಹಾ ಬಗ್ಗಿಸಿ ಕೊಡುತ್ತಿದ್ದಾಳೆ, ನಾನು ನೆಲ ನೋಡುತ್ತ ಕೂತಿದ್ದೇನೆ. ಅಷ್ಟರಲ್ಲಿ ಕಾಕು ಬಂದಳು. ಬಂದವಳೇ ಖಾಲಿಯಾದ ಚಹಾದ ಪಾತ್ರೆಯನ್ನು ಅವ್ವನ ಕೈಯಿಂದ ತಗೊಂಡು, ಎಲ್ಲರ ಎದುರಿಗೇ ಡಬ್ಬು ಹಾಕಿ, ತಳದ ಮೇಲೆ ಬೆರಳಾಡಿಸಿ, ಕರ್ರಗಾದ ಬೆರಳನ್ನು ಮೇಲೆತ್ತಿ ತೋರಿಸಿದಳು.

"ಅಗ ಬಾಯಿ! ಏನ ಬೇ ಇದು? ಈ ಮನ್ಯಾಗ ಗ್ಯಾಸ್ ಐತೋ, ಕಟಗಿ ಒಲಿ ಐತೋ?"

ಗಂಡಿನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಸಂಬಂಧವೇನೂ ತಪ್ಪಲಿಲ್ಲ, ಆಕೆಯೇ ಇವತ್ತು ನನ್ನ ಅತ್ತೆ. ಆದರೆ ಅವ್ವನ ಮರ್ಯಾದೆ ಮೂರು ಕಾಸಿಗೆ ಹೋಯಿತು. ಬೀಗರು ಓಣಿ ದಾಟುವುದನ್ನೇ ಕಾದು, "ಇನ್ನ ಈ ಹೊಸ್ತಿಲ ತುಳದ್ರ ನೋಡ!" ಎಂದಳು. ಅಲ್ಲಿಗೆ ವೈನಿ ಹೋಗಿ 'ಆಕಿ' ಬಂದಳು. ಎಣ್ಣೆ-ಸೀಗೇಕಾಯಿ ಎಂದರೆ ಇವರೇ. ಹಿತ್ತಲಿನಲ್ಲಿ ಇಬ್ಬರೂ ಒಟ್ಟಿಗೆ ಬಟ್ಟೆ ಒಣಹಾಕುವುದು ಬಂದರೆ ಒಬ್ಬರು ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು.

ಮದುವೆಯಾಯಿತು. ಚೊಚ್ಚಲು ಹೆರಿಗೆಗೆ ನಾನು ತವರಿಗೆ ಬಂದೆ, ಹೆಣ್ಣುಕೂಸಾಯಿತು. ನಮ್ಮ ಕಡೆ ಬಾಣಂತಿಗೆ ಗಾಳಿ ಹತ್ತಬಾರದು. ಗಾಳಿ ಹತ್ತಿದರೆ ತಲೆನೋವು, ಸೊಂಟನೋವು, ಹಾಲು ಬತ್ತುವುದು, ಇಲ್ಲದ್ದೆಲ್ಲ ಬರುತ್ತದೆ ಎಂದು ಆಯಿಯ ನಂಬಿಕೆ. ಆಯಿ ಎಂದರೆ ಅವ್ವನ ಅತ್ತೆ, ನನ್ನ ಅಜ್ಜಿ. ಹಿಂದಿನ ಚಿಕ್ಕ ಖೋಲಿಯನ್ನು ನನಗೆ ಕೊಟ್ಟು, ಕಿಟಕಿಯ ಸಂದುಗಳಿಗೆ ಹಳೇ ಧೋತರ ಹರಿದು ತುರುಕಿದರು, ಬಾಗಿಲಿಗೆ ಕಂಬಳಿ ಇಳಿಬಿಟ್ಟರು. ನನ್ನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಕೂಸಿಗೆ ಕುಂಚಿಗೆ, ಅದರ ಮೇಲೆ ದುಪ್ಪಟಿ, ಅದರ ಮೇಲೆ ಶಾಲು. ಬೆಳಗ್ಗೆ ಅಂಟಿನುಂಡಿ, ಮಧ್ಯಾಹ್ನ ಅಳವಿ ಪಾಯಸ, ದಿನಕ್ಕೆರಡು ಸಲ ಮೈ ಕಾಸಿಕೊಳ್ಳುವುದು.

ಮೊದಲಾದರೆ ಕಾಸಲು ಬಾಣಂತಿಯ ಹೊರಸಿನ, ಅಂದರೆ ಮಂಚದ, ಪಕ್ಕ ಕೆಂಡದ ಶೆಗಡಿ ಇಡುತ್ತಿದ್ದರು. ಈಗ ಕೆಂಡ ಎಲ್ಲಿಂದ ತರುವುದು? ಅವ್ವ ಒಂದು ಸಣ್ಣ ಗ್ಯಾಸ್ ತರಿಸಿದಳು. ಪುಟ್ಟ ಸಿಲಿಂಡರು, ಅದರ ತಲೆಯ ಮೇಲೇ ಬರ್ನರು. ಅದರ ಮೇಲೆ ಡಬರಿ ಇಟ್ಟು ನೀರು ಕಾಯಿಸಬಹುದು, ಅರಿವೆ ಬಿಸಿ ಮಾಡಿ ಕಾಸಬಹುದು, ಖೋಲಿಯೂ ಬೆಚ್ಚಗಿರುತ್ತದೆ. ಹೊಸ ಸಾಮಾನು ಮನೆಗೆ ಬಂದರೆ ಪೂಜೆ ಆಗಬೇಕಲ್ಲ! ಆಯಿ ಮಾಯಕ್ಕನ ಭಂಡಾರವನ್ನು ನೀರಿನಲ್ಲಿ ಕಲಸಿ ಬರ್ನರಿಗೂ ಅದರ ಕೆಳಗಿನ ಕೊಳವೆಗೂ ದಪ್ಪಗೆ ಬಳಿದು, ಮೇಲೆ ಒಂದು ಹಿಡಿ ಒಣ ಭಂಡಾರ ತೂರಿ, ಕೈ ಮುಗಿದು ಹಚ್ಚಿಸಿದಳು. ಉರಿ ಹಳದಿಯಾಗಿ ಎದ್ದಿತು.

"ನೋಡ, ಮಾಯವ್ವ ಬಂದ್ಳು!" ಎಂದಳು ಆಯಿ. "ಭಂಡಾರದ ಉರಿ. ಇನ್ನ ಕೂಸಿಗಿ ಯಾವ ಕಣ್ಣೂ ತಾಗಂಗಿಲ್ಲ."

ನನಗೆ ಕಾಕುವಿನ ಮಾತು ನೆನಪಿಗೆ ಬಾರದೇ ಇರಲಿಲ್ಲ. "ಆಯಿ, ಹಳದಿ ಉರಿ ಛಲೋ ಅಲ್ಲಂತ" ಎಂದೆ. ಅವ್ವ ಚುರುಕ್ಕೆಂದಳು. "ಯಾರಂತಾರ? ಆಕಿ ಅಂತಾಳೇನು? ಆಕಿ ಸುದ್ದಿ ಈ ಖೋಲಿಯಾಗ ಬ್ಯಾಡ. ಭಂಡಾರ ಬಿದ್ದದ್ದಕ್ಕ ಹಳದಿ ಆಗೈತಿ, ನಾಳಿಗಿ ತಾನ ಹೋಗತೈತಿ." ಭಂಡಾರ ಸುಟ್ಟರೆ ಹಳದಿ ಬರುವುದೂ ಸುಳ್ಳಲ್ಲ, ಹಾಗಾಗಿ ನಾನೂ ಸುಮ್ಮನಾದೆ. ಆದರೆ ಮರುದಿನವೂ ಅದು ಹೋಗಲಿಲ್ಲ.

ಅವತ್ತು ಬೆಳಗ್ಗೆ ಥಂಡಿ ಜೋರಿತ್ತು. ಕಬ್ಬಿನ ಹಂಗಾಮು. ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಒಂದರ ಹಿಂದೊಂದು ಹೋಗುತ್ತಿದ್ದವು. ಎದ್ದಾಗಿನಿಂದ ನನಗೆ ಹಣೆಯ ಸುತ್ತ ಹಗ್ಗ ಬಿಗಿದ ಹಾಗೆ ತಲೆನೋವು. ಹೇಳಿದೆ. ಆಯಿ ನನ್ನ ಹಣೆ ಮುಟ್ಟಿ, "ಗಾಳಿ ಹತ್ತೈತಿ" ಎಂದಳು. ಕಿಟಕಿಯಲ್ಲಿ ಬೆಳಕು ಬರುವಷ್ಟು ಒಂದು ಸಂದು ಉಳಿದಿತ್ತು, ಅದಕ್ಕೂ ಅರಿವೆ ತುರುಕಿದಳು. ಒಲೆಯನ್ನು ದೊಡ್ಡದು ಮಾಡಿದಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ ಬಂತು. ಮತ್ತೆ ಹೇಳಿದೆ. "ಭಾಳ ಹತ್ತೈತಿ ಗಾಳಿ" ಎಂದು ಬಾಗಿಲಿನ ಕಂಬಳಿಯ ತುದಿಯನ್ನು ನೆಲಕ್ಕೆ ಒತ್ತಿ, ಮೇಲೆ ಒಂದು ಗುಂಡುಕಲ್ಲು ಇಟ್ಟಳು. ನಾನು ನೋವು ಎಂದಷ್ಟೂ ಅವಳು ಮುಚ್ಚುತ್ತ ಹೋದಳು. ಪ್ರೀತಿಯಿಂದಲೇ ಮುಚ್ಚಿದಳು.

ಕೂಸು ಮಲಗಿತ್ತು. ನೀರು ಎರೆಯುವಾಗ ಊರು ಒಂದು ಮಾಡುತ್ತಿದ್ದ ಕೂಸು ಅವತ್ತು ಎರೆದರೂ ಅಳಲಿಲ್ಲ, ಹಾಲಿಗೂ ಏಳಲಿಲ್ಲ. "ಎಷ್ಟ ಶಾಣ್ಯಾ ಆತು ನೋಡ ನನ್ನ ಬಂಗಾರ" ಎಂದು ಆಯಿ ಲಟಿಕೆ ಮುರಿದಳು. ನಂತರ ಅವಳಿಗೂ ಕಣ್ಣು ಕತ್ತಲು ಬಂದಿತಂತೆ. ವಯಸ್ಸಾಯಿತು, ಬಿಸಿಲಿಗೆ ಕೂತು ಬರುತ್ತೇನೆ ಎಂದು, ಮಸಿ ಹಿಡಿದ ಡಬರಿಯನ್ನು ತಿಕ್ಕಲಿಕ್ಕೆ ಅವ್ವನಿಗೆ ಕೊಡಲು ಎತ್ತಿಕೊಂಡು ಹೊರಗೆ ಹೋದಳು. ಬಾಗಿಲು ಎಳೆದುಕೊಂಡಳು, ಒಲೆಯನ್ನು ಹಾಗೇ ಬಿಟ್ಟಳು.

ನಾನು ಹೊರಸಿನ ಮೇಲಿಂದ ಉರಿ ನೋಡುತ್ತಿದ್ದೆ. ಅದು ಹಳದಿಯಾಗಿ ಗೇಣುದ್ದ ಎದ್ದು, ಅತ್ತ ಇತ್ತ ಬಳುಕುತ್ತಿತ್ತು, ತುದಿಯಲ್ಲಿ ಕಪ್ಪು. ಎದ್ದು ಅದನ್ನು ಆರಿಸಬೇಕು ಎಂದು ತಿಳಿಯಿತು. ಕೈಗೆ ಹೇಳಿದೆ, ಕೈ ಕೇಳಲಿಲ್ಲ. ಕಾಲು ನನ್ನದಲ್ಲ ಅನ್ನಿಸಿತು. ಕೂಸಿನ ಕಡೆ ತಲೆ ತಿರುಗಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅದರ ಬಾಯಿ ತುಸು ತೆರೆದಿತ್ತು. ಶಾಲಿನ ಕೆಳಗೆ ಎದೆ ಏಳುತ್ತಿದೆಯೋ ಇಲ್ಲವೋ ಕಾಣಲಿಲ್ಲ. "ಅವ್ವಾ" ಎಂದು ಕೂಗಿದೆ. ಕೂಗಿದೆ ಎಂದು ನನಗನ್ನಿಸಿತ್ತು ಅಷ್ಟೇ, ಬಾಯಿಂದ ಗಾಳಿ ಕೂಡ ಹೊರಟಿರಲಿಲ್ಲ.

ಹಿತ್ತಲಿನಲ್ಲಿ ಅದೇ ಹೊತ್ತಿಗೆ ನಡೆದದ್ದನ್ನು ಆಯಿ ಆಮೇಲೆ ನನಗೆ ಅದೆಷ್ಟೋ ಸಲ ಹೇಳಿದ್ದಾಳೆ. ಅವ್ವ ಬೂದಿ ಹಾಕಿ ಡಬರಿ ತಿಕ್ಕುತ್ತಿದ್ದಳು. ಗೋಡೆಯಾಚೆ ಕಾಕು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಒಳಗೆ ಹೋಗುವವಳು ಹೋಗಲಿಲ್ಲ. ಡಬರಿಯ ತಳವನ್ನೇ ನೋಡುತ್ತ ನಿಂತಳು. ಅವ್ವನ ಕೂಡ ಮಾತಿಲ್ಲವಲ್ಲ, ಆಯಿಯ ಕಡೆ ತಿರುಗಿದಳು.

"ಆಯಿ, ನಿಮ್ಮ ಸೊಸಿಗಿ ಕೇಳ್ರಿ. ಆ ಡಬರಿ ಯಾವ ಒಲಿ ಮ್ಯಾಲಿಂದು?"

ಅವ್ವ ತಲೆ ಎತ್ತಲಿಲ್ಲ. "ಆಯಿ, ಆಕಿಗಿ ಹೇಳ್ರಿ. ನಮ್ಮ ಡಬರಿ, ನಮ್ಮ ಮಸಿ."

"ಕಟಗಿ ಒಲಿ ಹಚ್ಚೀರೇನ ಕೇಳ್ರಿ."

"ಹಚ್ಚಿಲ್ಲ ಅಂತ ಹೇಳ್ರಿ. ಹಚ್ಚಿದ್ರೂ ಆಕಿಗೇನ ಮಾಡೂದೈತಿ ಅಂತ ಕೇಳ್ರಿ."

ಒಳಗೆ ನನ್ನ ಕೂಸು ಉಸಿರು ಕಳಕೊಳ್ಳುತ್ತಿದೆ, ಹೊರಗೆ ಇವರಿಬ್ಬರು ಒಬ್ಬ ಮುದುಕಿಯ ಬಾಯಿಂದ ಜಗಳ ಆಡುತ್ತಿದ್ದಾರೆ! ಎಷ್ಟು ಹೊತ್ತು ಹೀಗೇ ನಡೆಯುತ್ತಿತ್ತೋ. ತಲೆ ಸುತ್ತುತ್ತಿದ್ದ ಆಯಿಗೇ ಬೇಸರ ಬಂದು ಬಾಯಿಬಿಟ್ಟಳು. "ಸಣ್ಣ ಗ್ಯಾಸಿನ ಮ್ಯಾಲಿಂದು ಬೇ ಯವ್ವಾ. ಬಾಣಂತಿ ಖೋಲ್ಯಾಗ ಇಟ್ಟೇವಿ. ಆ ಹುಡಿಗಿಗೂ ತಲಿನೋವು, ನನಗೂ ತಲಿನೋವು, ಸಾಕಾಗೈತಿ."

"ಖೋಲಿ ಒಳಗ? ಈಗ ಹಚ್ಚೈತೇನ?" ಕಾಕುವಿನ ದನಿ ಇಳಿದುಹೋಯಿತಂತೆ. "ಕಿಡಕಿ?"

"ಕಿಡಕಿಗಿ ಅರಬಿ ತುರಕೇವಿ. ಗಾಳಿ ಹತ್ತಬಾರ್ದಲ್ಲ."

ಕಾಕು ಬಟ್ಟೆಯ ಗಂಟನ್ನು ನೆಲಕ್ಕೆ ಬಿಟ್ಟಳು. ಎದುರು ಬಾಗಿಲಿನಿಂದ ಸುತ್ತಿ ಬರಲು ಹೊತ್ತಿಲ್ಲ ಎಂದು ಆ ದಪ್ಪ ಮೈಯನ್ನು ಗೋಡೆಯ ಮೇಲೆ ಎಳೆದುಕೊಂಡು ಈಚೆಗೆ ಬಿದ್ದಳು. ಮೊಣಕಾಲು ಕಿತ್ತುಹೋಯಿತು. ಅವ್ವ ಬೂದಿಗೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು.

"ಬಾಣಂತಿ ಖೋಲಿಗಿ ಹೊರಗಿನವರ ಬರಂಗಿಲ್ಲ."

"ಆಚೀಕ ಸರಿ ಬೇ!"

"ಬರಂಗಿಲ್ಲ ಅಂದ್ರ ಬರಂಗಿಲ್ಲ!"

ಕಾಕು ವಾದಿಸಲಿಲ್ಲ. ಅವ್ವನ ರಟ್ಟೆ ಹಿಡಿದು ಪಕ್ಕಕ್ಕೆ ಎಸೆದಳು. ಎಸೆದಳು ಎನ್ನುವುದೇ ಸರಿ, ಅವ್ವನ ಬಳೆ ಒಡೆದವು. ಬಾಗಿಲು ಒದ್ದಾಗ ನಾನು ಕಂಡದ್ದು ಒಂದು ದೊಡ್ಡ ನೆರಳು. ಅದು ಮೂಗಿಗೆ ಸೆರಗು ಒತ್ತಿಕೊಂಡು ಬಂದು, ಒಲೆಯ ಕಿವಿ ತಿರುಗಿಸಿ ಆರಿಸಿತು. ನೆಲದ ಗುಂಡುಕಲ್ಲನ್ನೆತ್ತಿ ಕಿಟಕಿಯ ಗಾಜಿಗೆ ಎಸೆಯಿತು. ಆಮೇಲೆ ನನ್ನ ಮಗ್ಗುಲಿನಿಂದ ನನ್ನ ಕೂಸನ್ನು ಬಾಚಿಕೊಂಡು ಓಡಿತು. ನನ್ನ ಕೂಸನ್ನು ಕದ್ದಳು ಎಂದುಕೊಂಡೆ. ಕೊಲ್ಲುವಷ್ಟು ಸಿಟ್ಟು ಬಂತು, ಬೆರಳು ಮಾತ್ರ ಅಲುಗಲಿಲ್ಲ. ಹಿಂದಿನಿಂದ ಬಂದ ಅವ್ವ ನನ್ನನ್ನು ಕಂಡು ಹೋ ಎಂದು ಬಾಯಿ ಬಡಿದುಕೊಂಡು, ಬಗಲಿಗೆ ಕೈ ಹಾಕಿ ಹೊರಸಿನಿಂದ ಕೆಡವಿ, ಹಿತ್ತಲಿನವರೆಗೆ ದರದರ ಎಳೆದಳು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂಸು ಮಲಗಿತ್ತು. ಕಾಕು ಶಾಲು ಕಿತ್ತೆಸೆದಳು, ದುಪ್ಪಟಿ ಕಿತ್ತೆಸೆದಳು, ಕುಂಚಿಗೆಯ ಲಾಡಿ ಬಿಚ್ಚಲು ಬಾರದೆ ಹಲ್ಲಿನಿಂದ ಹರಿದಳು. ಆ ಥಂಡಿ ಗಾಳಿಯಲ್ಲಿ ಕೂಸು ಬರಿಮೈ. ಕೈ ಎತ್ತಿ ಬಿಟ್ಟರೆ ಕೈ ಹಾಗೇ ಬೀಳುತ್ತಿತ್ತು. ಅಂಗಾಲಿಗೆ ಬೆರಳಿನಿಂದ ಚಟ್ ಎಂದು ಹೊಡೆದಳು. ಏನಿಲ್ಲ. ಬೆನ್ನು ತಿಕ್ಕಿದಳು. ಏನಿಲ್ಲ.

ಆಯಿ ಕಿರುಚಿದಳು, "ಗಾಳಿ ಹತ್ತತೈತಿ ಬೇ, ಮುಚ್ಚ ಅದನ್ನ!"

"ಹತ್ತಲಿ! ಗಾಳಿನ ಬೇಕಾಗೈತಿ ಅದಕ್ಕ!"

ಅವ್ವ ಅಳುತ್ತ ಕಾಕುವಿನ ಬೆನ್ನಿಗೆ ಎರಡೂ ಕೈಯಿಂದ ಗುದ್ದುತ್ತಿದ್ದಳು. "ಕೊಡ ನನ್ನ ಮೊಮ್ಮಗಳ್ನ, ಕೊಡ ಇಲ್ಲಿ." ಕಾಕು ಗುದ್ದಿಸಿಕೊಳ್ಳುತ್ತಲೇ ಅಂಗಾಲಿಗೆ ಹೊಡೆಯುತ್ತಿದ್ದಳು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಾಡು ಬಂದು ಹೋಯಿತು. ನಾನು ನೆಲದ ಮೇಲೆ ಬಿದ್ದಲ್ಲಿಂದ ಆ ಪುಟ್ಟ ಪಾದಗಳನ್ನು ನೋಡುತ್ತಿದ್ದೆ. ತಾಯಿ ಮಾಯವ್ವಾ, ನನ್ನ ಜೀವ ತಗೋ, ಅದನ್ನು ಬಿಡು ಎಂದು ಬೇಡಿಕೊಂಡೆ. ಆಗ ಒಂದು ಕಾಲು ಹಿಂದಕ್ಕೆ ಸರಿಯಿತು. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು. ಅದು ಅಳುವೋ ಏನೋ ತಿಳಿಯದ ಹಾಗಿತ್ತು.

ಟಂಟಂ ರಿಕ್ಷಾ ಹಿಡಿದು ದವಾಖಾನೆಗೆ ಹೋದೆವು. ನನಗೂ ಕೂಸಿಗೂ ಆಕ್ಸಿಜನ್ ಹಚ್ಚಿದರು. ಡಾಕ್ಟರಬಾಯಿ ಅವ್ವನನ್ನು ಚೆನ್ನಾಗಿ ಬೈದಳು. ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಲೆಗೆ ಗಾಳಿ ಸಾಲದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ, ತಲೆನೋವು, ವಾಂತಿ, ನಿದ್ದೆ, ಆಮೇಲೆ ಏಳುವುದೇ ಇಲ್ಲ ಎಂದಳು. ಆಯಿ, "ನಮ್ಮ ಕಾಲದಾಗ ಶೆಗಡಿ ಇಡ್ತಿದ್ವಲ್ರಿ" ಎಂದಳು. "ನಿಮ್ಮ ಕಾಲದ ಮನಿಗಿ ಹಂಚಿನ ಸಂದಿ ಇದ್ದೂ, ಬೆಳಕಿಂಡಿ ಇದ್ದೂ. ಈಗಿನ ಸಿಮೆಂಟ್ ಖೋಲಿಗಿ ಏನೈತ್ರಿ? ಶೆಗಡಿನೂ ಇಡಬ್ಯಾಡ್ರಿ, ಇದನ್ನೂ ಇಡಬ್ಯಾಡ್ರಿ" ಎಂದಳು ಡಾಕ್ಟರಬಾಯಿ.

ಕೂಸು ಪೂರ್ತಿ ಕಣ್ಣು ಬಿಟ್ಟಿರಲಿಲ್ಲ. ಹೊರಗೆ ಬೆಂಚಿನ ಆ ತುದಿಗೆ ಅವ್ವ, ಈ ತುದಿಗೆ ಕಾಕು. ನನ್ನ ಮಂಚ ಬಾಗಿಲಿನ ಪಕ್ಕದಲ್ಲೇ ಇತ್ತು, ಎಲ್ಲ ಕೇಳುತ್ತಿತ್ತು. ಆಮೇಲೆ ಅವ್ವನೇ ಕೇಳಿದಳು.

"ವೈನಿ, ಕೂಸ ಉಳಿತೈತೇನ್ರಿ?"

"ನನಗೇನ ಗೊತ್ತ ಬೇ? ನಾ ಒಲಿ ನೋಡಾಕಿ, ಕೂಸ ನೋಡಾಕಿ ಅಲ್ಲ."

ಸಂಜೆಗೆ ಕೂಸು ಎದೆ ಹುಡುಕಿ ಬಾಯಿ ಹಾಕಿತು. ಅವ್ವ ಅದನ್ನು ನೋಡಿ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳು. ಕಾಕು ಎದ್ದು, "ಮನಿಗಿ ಹೊಕ್ಕೇನಿ, ಅರಬಿ ಹೊರಗ ಅದಾವ" ಎಂದು ಕುಂಟುತ್ತ ಹೋದಳು.

ಮರುದಿನ ಅವಳು ಆ ಸಣ್ಣ ಒಲೆಯನ್ನು ನಮ್ಮ ಹಿತ್ತಲಿಗೆ ತರಿಸಿ ಬಿಚ್ಚಿದಳು. ಕಲಸಿದ ಭಂಡಾರ ಒಣಗಿ ಗಟ್ಟಿಯಾಗಿ, ಕೊಳವೆಯಲ್ಲಿ ಗಾಳಿ ಹೋಗುವ ತೂತನ್ನೇ ಮುಚ್ಚಿಬಿಟ್ಟಿತ್ತು. ಪಿನ್ನಿನಿಂದ ಕೆದರಿ ತೆಗೆದಳು, ಆದರೆ ಚೆಲ್ಲಲಿಲ್ಲ. ಬೆರಳಲ್ಲಿ ತಿಕ್ಕಿ ಪುಡಿ ಮಾಡಿ ತನ್ನ ಹಣೆಗೆ ಹಚ್ಚಿಕೊಂಡು, ಆಯಿಯ ಹಣೆಗೂ ಹಚ್ಚಿದಳು. "ದೇವಿನ ಹಣಿ ಮ್ಯಾಲೆ ಇಟ್ಕೊಳ್ರಿ ಆಯಿ, ಒಲಿ ಮೂಗಿನ್ಯಾಗ ತುರಕಬ್ಯಾಡ್ರಿ. ಆದ್ರ ತೂತ ಸ್ವಚ್ಛ ಇದ್ರೂ, ಖೋಲಿ ಮುಚ್ಚಿದ್ರ ಒಲಿ ಉಸರ ಕಟ್ಟೂದ ಕಟ್ಟೂದ" ಎಂದಳು.

ಒಂದು ದಿನ ನಾನು ಕೇಳಿಯೇಬಿಟ್ಟೆ. "ಕಾಕು, ಅವತ್ತ ಕೂಸಿನ ಎತ್ಕೊಂಡ ಹೋದ್ರಿ, ನನ್ನ ಅಲ್ಲೇ ಬಿಟ್ರಲ್ರಿ?" ಅವಳು ನನ್ನ ಬೆನ್ನಿಗೆ ಒಂದು ಬಿಟ್ಟಳು. "ಎಮ್ಮಿ ಆಗೀ, ನಿನ್ನ ಯಾರಾರ ಜಗ್ಗತಾರ. ಅದನ್ನ ಜಗ್ಗಾಕ ಅದಕ್ಕ ಜಡಿ ಐತೋ, ರಟ್ಟಿ ಐತೋ?" ಎಂದು ಗಹಗಹಿಸಿದಳು.

ತೊಟ್ಟಿಲು ಹಾಕುವ ದಿನ ಬಂತು. ಕೂಸಿಗೆ ಕಾಕುವಿನ ಹೆಸರನ್ನೇ ಇಡುತ್ತೇನೆ ಎಂದು ನಾನು ಹಟ ಹಿಡಿದೆ. ನಮ್ಮಲ್ಲಿ ಹೆಸರಿಡುವುದು ತೀರಿಹೋದ ಹಿರಿಯರದು. ಇದ್ದವರ ಹೆಸರಿಟ್ಟರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಅಂಜಿಕೆ. ಕಾಕು ಕೆಂಡವಾದಳು. "ನಾ ಇನ್ನೂ ಸತ್ತಿಲ್ಲ ಬೇ! ನಿಮ್ಮ ಕೂಸಿನ ಉಳಿಸಿದ್ದಕ್ಕ ನನ್ನ ಕಳಸಾಕ ನಿಂತಿಯೇನ?" ಅವ್ವನೂ, "ಬ್ಯಾಡವಾ, ಆಕಿ ಹೆಸರ ಎತ್ತಬ್ಯಾಡ. ಆಕಿ ಇರ್ಲಿ" ಎಂದಳು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ಓಣಿಯವರು ಅವತ್ತೇ ಕಂಡದ್ದು. ಕೊನೆಗೆ ನನ್ನ ನಾದಿನಿ ಮೊಬೈಲಿನಲ್ಲಿ ಹುಡುಕಿ ಒಂದು ಹೊಸ ನಮೂನೆಯ ಹೆಸರು ಇಟ್ಟಳು.

ಆಮೇಲೆ ಅವ್ವ ಮತ್ತು ಕಾಕು ಮಾತಾಡಿದರು, ಜಗಳವನ್ನೂ ಆಡಿದರು. ನುಗ್ಗಿಗಿಡದ ಎಲೆ ಯಾರ ಅಂಗಳಕ್ಕೆ ಬಿತ್ತು, ಬೆಕ್ಕು ಯಾರ ಹಾಲು ಕುಡಿಯಿತು, ಒಂದಲ್ಲ ಒಂದು. ನನ್ನ ಮಗಳು ರಜೆಗೆ ಬಂದರೆ ಹಗಲೆಲ್ಲ ಗೋಡೆಯಾಚೆಯೇ ಇರುತ್ತಿದ್ದಳು. ಅವ್ವ ಬಾಯಿಬಿಟ್ಟು ಉಪಕಾರ ಎಂದು ಹೇಳಿದ್ದನ್ನು ನಾನಂತೂ ಕೇಳಲಿಲ್ಲ. ಕಾಕು ಅದಕ್ಕಾಗಿ ಕಾದದ್ದನ್ನೂ ಕಾಣಲಿಲ್ಲ.

ಹೋದ ತಿಂಗಳು ಬೆಳಗಿನ ಜಾವ ನಿದ್ದೆಯಲ್ಲೇ ಹೋದಳು. ನಾನು ಮಗಳನ್ನು ಕರೆದುಕೊಂಡು ತಲುಪುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು. ಹಣೆಯ ತುಂಬ ಭಂಡಾರ. ನಿಪ್ಪಾಣಿಯಿಂದ ಅವಳ ಅಣ್ಣನ ಮಕ್ಕಳು ಬಂದಿದ್ದರು. ಅವ್ವ ತಲೆಯ ಹತ್ತಿರ ಕೂತು ಬೆಳಗಿನಿಂದ ಎದ್ದಿರಲಿಲ್ಲವಂತೆ. ಎತ್ತುವ ಹೊತ್ತಾಯಿತು. ಬಾಯಿಗೆ ನೀರು ಬಿಡುವ ಶಾಸ್ತ್ರಕ್ಕೆ ಹಿರಿಯರೊಬ್ಬರು ತಂಬಿಗೆ ಹಿಡಿದು, "ಮಕ್ಕಳ-ಮರಿ ಯಾರ ಅದಾರ, ಬರ್ರಿ" ಎಂದರು. ಅಣ್ಣನ ಮಕ್ಕಳು ಮುಖ ಮುಖ ನೋಡಿಕೊಂಡರು.

ಅವ್ವ ತಲೆ ಎತ್ತಿ ಕಾಕುವಿನ ಹೆಸರು ಹಿಡಿದು ಕೂಗಿದಳು. ಸತ್ತವಳನ್ನೇ ಕರೆಯುತ್ತಿದ್ದಾಳೆ ಎಂದುಕೊಂಡು ಸುತ್ತಲಿನ ಹೆಂಗಸರು ದನಿ ತೆಗೆದು ಅತ್ತರು. ಆದರೆ ಅವ್ವ ನೋಡುತ್ತಿದ್ದುದು ನನ್ನ ಪಕ್ಕದಲ್ಲಿ ನಿಂತಿದ್ದ ನನ್ನ ಮಗಳನ್ನು. ಮತ್ತೊಮ್ಮೆ ಅದೇ ಹೆಸರು ಕೂಗಿ, "ಬಾ ಬೇ, ನೀರ ಬಿಡ ಬಾ" ಎಂದು ಕೈ ಚಾಚಿದಳು.

ಮಗಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ, "ಬಂದ್ನಿ ಆಯಿ" ಎಂದು ತನ್ನ ಅಜ್ಜಿಗೆ ಓಗೊಟ್ಟು ಹೋದಳು.